ವಾಸನೆ ತಿನ್ನುವ ಗೋಡೆ

ದೀಪ ಹಾಕಿದ ಕೂಡಲೇ ಗೋಡೆ ಕೆಲಸಕ್ಕೆ ತೊಡಗಿತು. ಸದ್ದಿಲ್ಲ, ಅಲುಗಾಟವಿಲ್ಲ, ನೋಡಲು ಸಾಧಾರಣ ಹಳದಿ ಬಣ್ಣ. ರೇಷ್ಮೆ ಮೊಟ್ಟೆ ಕೇಂದ್ರದ ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕೆಮ್ಮಿದ್ದ ಗುಲ್ಜಾರ್ ಬಾನು ಮೂಗಿನ ಮೇಲಿನ ಸೆರಗು ಸರಿಸಿ, ಹೆದರುತ್ತಲೇ ಉಸಿರೆಳೆದಳು. ರೋಗಾಣು ಕೊಲ್ಲಲು ಸಿಂಪಡಿಸುವ ಫಾರ್ಮಲಿನ್ನಿನ ಘಾಟು ಇರಲಿಲ್ಲ. ಎದೆಯೊಳಗೆ ಯಾರೋ ಕಿಟಕಿ ತೆರೆದಂತಾಯಿತು.

"ಏನ್ ಮಾಯ ಸಾರ್ ಇದು?"

"ಬಣ್ಣದಲ್ಲಿ ಬೆಳಕಿನ ವೇಗವರ್ಧಕ ಇದೆ ಬಾನಮ್ಮ," ಎಂದ ವಿಜ್ಞಾನಿ ಅರ್ಕೇಶ. "ಹಳೇ ತರದ ಬಣ್ಣಕ್ಕೆ ಅತಿನೇರಳೆ ಕಿರಣವೇ ಬೇಕಿತ್ತು. ಇದಕ್ಕೆ ನಿಮ್ಮ ಟ್ಯೂಬ್‌ಲೈಟ್ ಸಾಕು. ಗಾಳೀಲಿರೋ ವಿಷದ ಅಣುಗಳನ್ನ ಮುರಿದು ನೀರು, ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತೆ."

"ಅಂದ್ರೆ ಗೋಡೆಗೆ ಹಸಿವು ಅನ್ನಿ."

ಆ ಘಾಟಿನ ಗಾಳಿಯಲ್ಲಿ ಇನ್ನೊಂದು ವರ್ಷ ದುಡಿದರೆ ಶ್ವಾಸಕೋಶ ಉಳಿಯದು ಎಂದು ಡಾಕ್ಟರು ಹೇಳಿದ್ದರು. ಅವಳಿಗೆ ಬೇರೆ ಕೆಲಸ ಬಾರದು.

ಮೂರನೆಯ ಬೆಳಿಗ್ಗೆ ಗೂಡು ಸೀಳಿಕೊಂಡು ಚಿಟ್ಟೆಗಳು ಹೊರಬಂದವು. ಗಂಡು ಹೆಣ್ಣುಗಳನ್ನು ತಟ್ಟೆಗಳಲ್ಲಿ ಒಟ್ಟಿಗೆ ಬಿಟ್ಟು ದೀಪ ಆರಿಸಬೇಕು; ಅದು ಕೇಂದ್ರದ ಹಳೆಯ ರೂಢಿ. ಬಾನು ಆರಿಸಲಿಲ್ಲ. ದೀಪ ಆರಿದರೆ ತನ್ನ ಉಸಿರೂ ಆರುತ್ತದೆಂಬ ದಿಗಿಲು ಅವಳಿಗೆ.

ಒಂದು ರೆಕ್ಕೆಯೂ ಬಡಿಯಲಿಲ್ಲ. ತಪ್ಪಾದ ಮದುವೆಮನೆಗೆ ಬಂದ ನೆಂಟರಂತೆ ಬಿಳಿ ಚಿಟ್ಟೆಗಳು ಅಕ್ಕಪಕ್ಕದಲ್ಲೇ ಸುಮ್ಮನೆ ಕುಳಿತಿದ್ದವು. ಮ್ಯಾನೇಜರು ಬಂದು ನೋಡಿ, ನಾಳೆಯೇ ಬಣ್ಣ ಕೆರೆಸುವೆನೆಂದು ಕೂಗಾಡಿ ಹೋದರು.

ಅರ್ಕೇಶ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಹೆಣ್ಣು ಚಿಟ್ಟೆ ಗಂಡನ್ನ ಕರೆಯೋದು ವಾಸನೆಯಿಂದ. ಅದೂ ಆವಿಯೇ. ಗೋಡೆ ಅದನ್ನೂ..."

"ತಿಂದ್ಬಿಡ್ತಾ?" ಬಾನು ಕೆನ್ನೆಗೆ ಕೈಯಿಟ್ಟಳು. "ದೀಪ ಆರಿಸ್ದೇ ಇದ್ದೋಳು ನಾನೇ ಸಾರ್. ಉಸಿರಿನ ಆಸೆಗೆ."

ಅವಳೇ ಎದ್ದು ಕಿಟಕಿಗಳಿಗೆ ಕಪ್ಪು ಪರದೆ ಎಳೆದು ದೀಪ ಆರಿಸಿದಳು. ಗೋಡೆ ನಿದ್ದೆಹೋಯಿತು. ಕತ್ತಲಲ್ಲಿ ಮೊದಲು ಒಂದು ಸದ್ದು, ಕಾಗದ ತಿರುವಿದಷ್ಟು. ಆಮೇಲೆ ನೂರು, ಆಮೇಲೆ ಕೋಣೆಯೇ ನಡುಗುವಷ್ಟು ರೆಕ್ಕೆಗಳು. ಜೊತೆಗೆ ನೆಲದಿಂದ ಫಾರ್ಮಲಿನ್ ಎದ್ದಿತು. ಬಾನು ಕೆಮ್ಮತೊಡಗಿದಾಗ ಅರ್ಕೇಶ ಅವಳ ರಟ್ಟೆ ಹಿಡಿದು ಹೊರಗೆ ಕರೆತಂದ.

ಮ್ಯಾನೇಜರು ಬಣ್ಣ ಕೆರೆಸುವ ಮಾತು ಬಿಟ್ಟರು. ಅಂದೇ ಹೊಸ ನಿಯಮ ಬರೆದದ್ದಾಯಿತು: ಚಿಟ್ಟೆಗಳು ಜೋಡಿಯಾಗಿರುವ ಮೂರು ತಾಸು ದೀಪ ಬೇಡ, ಒಳಗೆ ಜನರೂ ಬೇಡ. ಕೆಲಸದ ಹೆಂಗಸರು ಕೋಣೆಯೊಳಗೆ ದುಡಿಯಲೆಂದು ಕಂಡುಹಿಡಿದ ಬಣ್ಣ ಅವರನ್ನೇ ಹೊರಗೆ ಕಳಿಸಿತು, ಅದೂ ನಡುಹಗಲಲ್ಲಿ. ಹೊಂಗೆಯ ನೆರಳಿನಲ್ಲಿ ಬಾನು ಕಾಲು ಚಾಚಿ ಮಲಗಿದಳು. ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆಗಳು ಅವಳ ಮೈಮೇಲೆ ನಿಧಾನವಾಗಿ ಓಡಾಡಿದವು.

"ಬಾನಮ್ಮ, ಚಿಟ್ಟೆಗಳ ಜೋಡಿ ಬಿಡಿಸೋ ಹೊತ್ತಾಯ್ತು," ಎಂದ ಅರ್ಕೇಶ.

ಅವಳು ಕಣ್ಣು ತೆರೆಯಲಿಲ್ಲ.

"ಪಾಪ, ಇರ್ಲಿ ಬಿಡಿ ಸಾರ್. ಇನ್ನೊಂಚೂರು ಹೊತ್ತು."