ಮೇ ತಿಂಗಳವರೆಗೆ ಆಸೆ

ಲಿನೆಟ್ ಅಂದು ಬೆಳಿಗ್ಗೆಯಿಂದ ಒಂದೇ ಗ್ಲಾಸನ್ನು ನಾಲ್ಕು ಸಲ ಒರೆಸಿದ್ದಳು. ಅವಳ ಏಪ್ರನ್ ಜೇಬಿನಲ್ಲಿ ಒಂದು ಕಾರ್ಡಿತ್ತು. ಹಾರ್ಕ್ಲಿಫ್ ಟೌನ್ ಫುಟ್‌ಬಾಲ್ ತಂಡದ ಮೈದಾನ, ಹದಿನಾಲ್ಕನೇ ಸಾಲು, ಎಂಬತ್ತೇಳನೇ ಕುರ್ಚಿ, ಇಡೀ ಸೀಸನ್ನಿಗೆ. ಎಂಬತ್ತಾರನೆಯದು ಡಂಕನ್‌ನ ಕುರ್ಚಿ.

ಮದುವೆಯಾಗುತ್ತೀಯಾ ಎಂದು ಅವನು ಕಳೆದ ಭಾನುವಾರ ಕೇಳಿದ್ದ. ಮುಂದಿನ ಭಾನುವಾರ ಹೇಳುತ್ತೇನೆ ಎಂದು ಇವಳು ಸತಾಯಿಸಿದ್ದಳು. ಬಾಯಿಬಿಟ್ಟು ಹೂಂ ಅನ್ನುವುದೇನೂ ಬೇಡ, ಕಾರ್ಡನ್ನು ಅವನ ಬಿಯರಿನ ಪಕ್ಕ ಇಟ್ಟು ಸುಮ್ಮನೆ ನಿಂತರಾಯಿತು ಎಂದುಕೊಂಡಿದ್ದಳು.

"ಉತ್ತರ ತಂದಿದೀಯಾ?" ಡಂಕನ್ ಪಬ್ಬಿನ ಕಟ್ಟೆಗೆ ಮೊಣಕೈ ಊರಿ ಕೇಳಿದ.

"ಯಾವ ಪ್ರಶ್ನೆಗೆ?"

"ಅಷ್ಟು ಬೇಗ ಮರೆತೇ ಹೋಯ್ತಾ?"

"ದಿನಕ್ಕೆ ಹತ್ತು ಜನ ಕೇಳ್ತಾರೆ ಕಣೋ. ಸಾಲಲ್ಲಿ ನಿಂತ್ಕೋ."

ಅವನು ನಕ್ಕ. ನಕ್ಕರೆ ಅವನ ಕಿವಿ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಮುಖ. ಆ ಕಿವಿಗಳನ್ನು ನೋಡುವುದಕ್ಕೇ ಲಿನೆಟ್ ಬೇಕೆಂದು ಕೆಣಕುತ್ತಿದ್ದಳು. ಅವನ ಕಣ್ಣು ತನ್ನ ಜೇಬಿನ ಮೇಲೆ ಬಿದ್ದದ್ದೇ ತಡ, ಒರೆಸುವ ಬಟ್ಟೆಯನ್ನು ಅಡ್ಡ ಹಿಡಿದಳು.

ಹದಿಮೂರು ತಿಂಗಳ ಹಿಂದೆ, ಗಂಡ ಬಿಟ್ಟುಹೋದ ಮೇಲೆ, ಗುರುತಿನವರು ಯಾರೂ ಇಲ್ಲದ ಊರು ಬೇಕೆಂದು ಅವಳು ಇಲ್ಲಿಗೆ ಬಂದು ಈ ಪಬ್ಬಿನ ಕೆಲಸಕ್ಕೆ ಸೇರಿದ್ದಳು. ಇನ್ನು ಗಂಡಸರ ಸಹವಾಸವೇ ಬೇಡ ಎಂದುಕೊಂಡಿದ್ದವಳು. ಕ್ರಿಸ್‌ಮಸ್‌ನ ಮರುದಿನ ಮೈದಾನದ ಮೆಟ್ಟಿಲಲ್ಲಿ ಅವಳು ಚಳಿಗೆ ನಡುಗುತ್ತಿದ್ದಾಗ ಡಂಕನ್ ಮಾತಿಲ್ಲದೆ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿದ್ದ. ಅವಳೇ ಅವನಿಗೆ ಮುತ್ತು ಕೊಟ್ಟಿದ್ದಳು. ತನ್ನ ಬದುಕಿನಲ್ಲಿ ತಾನು ಕೇಳದೆಯೇ ತನಗೆ ಸಿಕ್ಕಿದ್ದು ಆ ಕೋಟು ಒಂದೇ ಎಂದು ಅವಳು ಎಷ್ಟೋ ಸಲ ನೆನೆಸಿಕೊಂಡಿದ್ದಳು.

ಅಷ್ಟರಲ್ಲಿ ಮುದುಕ ಸ್ಟ್ಯಾನ್ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದ. "ಸಿಕ್ತು ಕಣ್ರೋ! ಬಾವುಟಗಳ ರಾಶಿ ಕೆಳಗಿತ್ತು."

ಡಂಕನ್ ಸೇರಿ ಕಿಟಕಿ ಪಕ್ಕದ ಮೇಜಿನ ಎಂಟು ಜನರಿಗೆ ಆ ಡಬ್ಬಿ ದೇವರ ಪೆಟ್ಟಿಗೆ. ಪ್ರತಿ ಆಗಸ್ಟಿನಲ್ಲಿ ಯಾವ ತಂಡ ಎಷ್ಟನೇ ಸ್ಥಾನಕ್ಕೆ ಬರುತ್ತದೆಂದು ಒಬ್ಬೊಬ್ಬರೂ ಚೀಟಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಅದರೊಳಗೆ ಹಾಕುತ್ತಿದ್ದರು. ಕೊನೆಯಲ್ಲಿ ತಮಾಷೆಗೊಂದು ಹೆಚ್ಚುವರಿ ಪ್ರಶ್ನೆ. ಮೇ ತಿಂಗಳ ಕೊನೆಯ ಮ್ಯಾಚ್ ಮುಗಿಯುವವರೆಗೆ ಮುಚ್ಚಳ ತೆಗೆಯುವಂತಿಲ್ಲ. ಈ ಮೇನಲ್ಲಿ ಮಾತ್ರ, ನಲವತ್ತೊಂದು ವರ್ಷದ ಮೇಲೆ ಟೌನ್ ತಂಡ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿಗೆ ಏರಿದ ಅಮಲಿನಲ್ಲಿ, ಡಬ್ಬಿ ಯಾರ ನೆನಪಿಗೂ ಬಂದಿರಲಿಲ್ಲ.

"ಮುಂದಿನ ಶನಿವಾರ ಶುರು," ಎಂದ ಸ್ಟ್ಯಾನ್. "ಇಪ್ಪತ್ತರಲ್ಲಿ ಕೊನೇ ಮೂರು ತಂಡ ಕೆಳಗಿನ ಲೀಗಿಗೆ ಇಳೀತಾವೆ. ಹದಿನೇಳನೇ ಸ್ಥಾನ ಸಿಕ್ಕಿದ್ರೂ ಸಾಕು, ನಾನು ಚರ್ಚಿಗೆ ಹೋಗ್ತೀನಿ."

"ಉಳ್ಕೋತೀವಿ ಅಂತ ಆಸೆ ಇದೆಯಾ ತಾತ?" ಲಿನೆಟ್ ಕೇಳಿದಳು.

"ಅದೇ ಭಯ ಮಗಳೇ. ಸೋತ್ರೆ ಒಂದು ದಿನದ ನೋವು. ಆಸೆ ಇಟ್ಕೊಂಡ್ರೆ ಮೇ ತಿಂಗಳವರೆಗೂ ನೋವು. ಬಾ, ಹಳೇ ಚೀಟಿ ಓದು. ಹೊಸಬರೇ ಓದಬೇಕು, ಅದು ನಿಯಮ."

ಡಂಕನ್ ಬಿಯರಿನ ಗ್ಲಾಸು ಕೆಳಗಿಟ್ಟ. "ಹಳೇದು ಯಾಕೀಗ? ಬಿಸಾಕಿ."

"ಯಾಕೆ, ಟೌನ್ ಸೋಲತ್ತೆ ಅಂತ ಬರೆದಿದೀಯಾ?" ಎಂದು ನಗುತ್ತಲೇ ಲಿನೆಟ್ ಮೊದಲ ಲಕೋಟೆ ಒಡೆದಳು. ತಂಡಗಳ ಪಟ್ಟಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ದನಿ ತಾನೇ ನಿಧಾನವಾಯಿತು.

"ಹೆಚ್ಚುವರಿ ಪ್ರಶ್ನೆ. ಹೊಸದಾಗಿ ಬಂದಿರೋ ಲಿನೆಟ್ ಯಾರ ಬಲೆಗೆ ಬೀಳ್ತಾಳೆ? ಯಾವಾಗ?"

ಸ್ಟ್ಯಾನ್ ಬೋಳುತಲೆ ಮುಟ್ಟಿಕೊಂಡ. ಈ ಪ್ರಶ್ನೆ ಅವನಿಗೆ ನಿಜಕ್ಕೂ ಮರೆತುಹೋಗಿತ್ತು. ಯಾರೋ ಕೆಮ್ಮಿದರು. ಅವಳು ನಿಲ್ಲಿಸಲಿಲ್ಲ. ಒಬ್ಬ 'ಗಂಡ ಬಿಟ್ಟವಳು, ಸೆಪ್ಟೆಂಬರಿಗೇ ಬೀಳ್ತಾಳೆ' ಎಂದು ಬರೆದಿದ್ದ. ಅದನ್ನೂ ಗಟ್ಟಿಯಾಗಿ ಓದಿದಳು. ಆರನೆಯ ಚೀಟಿಯ ಅಕ್ಷರ ಅವಳಿಗೆ ಗುರುತಿತ್ತು. ಹುಟ್ಟುಹಬ್ಬದ ಕಾರ್ಡಿನಲ್ಲಿ, ಫ್ರಿಜ್ಜಿನ ಮೇಲಿನ ಚೀಟಿಗಳಲ್ಲಿ ದಿನವೂ ನೋಡುವ ಅಕ್ಷರ.

"ಡಿಸೆಂಬರ್ ಇಪ್ಪತ್ತಾರು. ನಾನೇ. ಅವತ್ತು ನಮ್ಮ ಮೈದಾನದಲ್ಲೇ ಮ್ಯಾಚ್. ಚಳೀಲಿ ಕೋಟು ಕೊಟ್ರೆ ಸಾಕು."

ಮೇಜಿನಲ್ಲಿ ಯಾರೋ ಒಬ್ಬ ತಡೆಯಲಾರದೆ ಕಿಸಕ್ಕೆಂದ. "ಕರೆಕ್ಟಾಗಿ ಹೇಳ್ಬಿಟ್ಟಿದಾನಲ್ಲೋ!"

ಲಿನೆಟ್ ಚೀಟಿಯನ್ನು ಮಡಿಸಿಟ್ಟು ಹಿತ್ತಿಲಿಗೆ ನಡೆದಳು. ಖಾಲಿ ಪೀಪಾಯಿಗಳ ಮೇಲೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿತ್ತು. ಡಂಕನ್ ಹಿಂದೆಯೇ ಓಡಿಬಂದ.

"ಆಗ ನೀನು ಯಾರು ಅಂತಾನೇ ಗೊತ್ತಿರ್ಲಿಲ್ಲ ಲಿನೆಟ್. ಹುಡುಗರ ಜೊತೆ ತಮಾಷೆಗೆ ಬರೆದಿದ್ದು."

"ಒಂದೇ ಮಾತು ಕೇಳ್ತೀನಿ. ಕೋಟು ಹಾಕುವಾಗ ಚೀಟಿ ನೆನಪಿತ್ತಾ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು. ನಂಬಲು ಅಷ್ಟು ಹಸಿದಿದ್ದಳು.

"ಇತ್ತು," ಎಂದ. "ಆಮೇಲೆ ನೀನು ಮುತ್ತು ಕೊಟ್ಟೆ. ಅವತ್ತಿಂದ ನಿನ್ನ ಬಿಟ್ಟು ಬೇರೇನೂ ನೆನಪಿಲ್ಲ. ದೇವರಾಣೆ."

ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಈಗಲೂ ಅವನ ಮೇಲೆ ಪ್ರೀತಿ ಇತ್ತು, ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ. ಅದಕ್ಕೇ ಸಿಟ್ಟು ಇನ್ನೂ ಏರಿತು. ಬೈದು ಬಿಟ್ಟುಹೋದರೆ ಒಂದು ದಿನ ಅತ್ತು ಸುಮ್ಮನಾಗುತ್ತಾನೆ. ಅಷ್ಟಕ್ಕೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ.

ಕಣ್ಣೊರೆಸಿಕೊಂಡು ಒಳಗೆ ಬಂದು ಪೆನ್ನು ತೆಗೆದುಕೊಂಡಳು. "ಹೊಸ ಚೀಟಿ ಕೊಡಿ ತಾತ. ಈ ವರ್ಷದ ಹೆಚ್ಚುವರಿ ಪ್ರಶ್ನೆ ನನ್ನದು. ಲಿನೆಟ್ ಡಂಕನ್‌ನ ಮದುವೆ ಆಗ್ತಾಳಾ? ಎಲ್ಲರೂ ಬರೀರಿ, ನಾಚ್ಕೋಬೇಡಿ. ಹೋದ ವರ್ಷ ನಾಚಿಕೆ ಇರ್ಲಿಲ್ವಲ್ಲ."

ಎಂಟು ತಲೆಗಳು ತಗ್ಗಿದವು. ಲಿನೆಟ್ ತನ್ನ ಚೀಟಿಯಲ್ಲಿ ಟೌನ್‌ಗೆ ಹದಿನೇಳನೇ ಸ್ಥಾನ ಕೊಟ್ಟಳು. ಅದರ ಕೆಳಗೆ 'ಇಲ್ಲ' ಎಂದು ಬರೆದಳು. ಮಡಿಸಿ, ನಾಲಿಗೆಯಿಂದ ಲಕೋಟೆಯ ಅಂಚು ಒದ್ದೆ ಮಾಡಿ, ಅಂಟಿಸಿ, ಡಬ್ಬಿಗೆ ಹಾಕಿದಳು.

ಆಮೇಲೆ, ಬೆಳಿಗ್ಗೆ ಅಂದುಕೊಂಡಿದ್ದ ಹಾಗೆಯೇ, ಜೇಬಿನ ಕಾರ್ಡನ್ನು ಅವನ ಬಿಯರಿನ ಪಕ್ಕ ಇಟ್ಟಳು.

ಡಂಕನ್ ಅದನ್ನು ಎರಡು ಸಲ ಓದಿದ. "ಎಂಬತ್ತೇಳು... ನನ್ನ ಪಕ್ಕದ್ದು! ಇಲ್ಲಿ ನಡೆಯೋ ಹತ್ತೊಂಬತ್ತು ಮ್ಯಾಚಿಗೂ ನೀನು ನನ್ನ ಪಕ್ಕದಲ್ಲಿ ಕೂತ್ಕೋತೀಯಾ?"

"ಹತ್ತೊಂಬತ್ತಕ್ಕೂ."

"ಹಾಗಾದ್ರೆ ಚೀಟೀಲಿ ಏನು ಬರ್ದೆ? ಹೇಳು ಲಿನೆಟ್, ಪ್ಲೀಸ್."

"ಮೇ ತಿಂಗಳವರೆಗೆ ತೆಗೆಯೋ ಹಾಗಿಲ್ಲ ಕಣೋ. ನಿಮ್ಮದೇ ನಿಯಮ."

"ಆಸೆನಾದ್ರೂ ಇಟ್ಕೋಬಹುದಾ?"

ಸ್ಟ್ಯಾನ್ ತಲೆಯೆತ್ತಿ ಅವಳ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದ.

ಲಿನೆಟ್ ಬಗ್ಗಿ, ಡಂಕನ್‌ನ ಅಂಗಿಯ ಕಾಲರನ್ನು ಎಂದಿನ ಹಾಗೆ ಮೆಲ್ಲಗೆ ಸರಿಪಡಿಸಿದಳು.

"ಇಟ್ಕೋ," ಎಂದಳು.

ಅವನ ಕಿವಿಗಳು ಕೆಂಪಾದವು.