ಮೂರನೇ ಅಕ್ಷದ ಅಂಕಿ ತಿದ್ದಿದವರಾರು?

ಹೊಸ ವರ್ಷದ ರಜೆ ಮುಗಿದ ಮೊದಲ ಬೆಳಿಗ್ಗೆ. ಜಪಾನಿನ ಒಕಾಯಾ ಊರಿನ ಕಾರ್ಖಾನೆಯಲ್ಲಿ ಯಂತ್ರ ಚಾಲೂ ಆಗಿ ಹತ್ತು ಸೆಕೆಂಡೂ ಆಗಿರಲಿಲ್ಲ—ಢಣ್! ಕೆಳಗಿಳಿದ ಡ್ರಿಲ್ಲು ನಿಲ್ಲಬೇಕಾದಲ್ಲಿ ನಿಲ್ಲದೆ ಉಕ್ಕಿನ ಪೀಠಕ್ಕೇ ಗುದ್ದಿ ಎರಡು ತುಂಡಾಯಿತು.

ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಪರದೆ ನೋಡಿದರೆ ಮೂರನೇ ಅಕ್ಷದ ಅಂಕಿ, ಅಂದರೆ ಡ್ರಿಲ್ಲು ಎಷ್ಟು ಇಳಿಯಬೇಕೆಂಬ ಅಂಕಿ, ಬದಲಾಗಿತ್ತು. 184 ಮಿಲಿಮೀಟರ್ ಇರಬೇಕಾದಲ್ಲಿ 196!

“ರಜೆಗೆ ಮುಂಚೆ ಕೊನೆಗೆ ಇದನ್ನ ಮುಟ್ಟಿದ್ದು ಯಾರು?” ವಿಭಾಗದ ಕಚೋ, ಅಂದರೆ ಮುಖ್ಯಸ್ಥ, ಅಮಾಕಾಸು ಗುಡುಗಿದ.

ಎಲ್ಲರ ಕಣ್ಣೂ ಇಸೊಗಾಯ್ ಮೇಲೆ. ವರ್ಷಾಂತ್ಯದ ದೊಡ್ಡ ಸ್ವಚ್ಛತೆಯ ದಿನ ಈ ಯಂತ್ರ ಒರೆಸಿದವನು ಅವನೇ. ಅರವತ್ತೆರಡರ ಅವನು ಯಂತ್ರದ ಗುಂಡಿಗಳನ್ನೇ ನೋಡಿದ. ಒರೆಸುವಾಗ ಬಟ್ಟೆ ಯಾವುದಾದರೂ ಗುಂಡಿಗೆ ತಾಗಿತೇ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲೊಲ್ಲದು.

“ವಯಸ್ಸಾಯ್ತು ಬಿಡಿ, ಇಸೊಗಾಯ್-ಸಾನ್. ನಾಳೆಯಿಂದ ಗೇಟ್ ಕಾಯೋ ಕೆಲಸಕ್ಕೆ ಹೋಗಿ,” ಎಂದ ಅಮಾಕಾಸು.

ಮೂವತ್ತೆಂಟು ವರ್ಷ ಯಂತ್ರದ ಮಗ್ಗುಲಲ್ಲೇ ಕಳೆದ ಜೀವ! ಗೇಟಿನಲ್ಲಿ ನಿಂತು ಲಾರಿ ಎಣಿಸುವುದೇ?

ಹನ್ನೊಂದಕ್ಕೆ ಯಂತ್ರ ತಯಾರಿಸಿದ ಕಂಪನಿಯಿಂದ ತನಿಖೆಗೆ ತ್ಸುಕುದಾ ಬಂದಳು. ಕುಳ್ಳಗಿನ ಹೆಂಗಸು, ಕೊಟ್ಟ ಚಹಾ ಮುಟ್ಟದೆ ನೇರ ಇಸೊಗಾಯ್ ಹತ್ತಿರ ಹೋದಳು.

“ಒರೆಸುವಾಗ ಕರೆಂಟ್ ಇತ್ತಾ?”

“ಇರಲಿಲ್ಲ. ಒದ್ದೆ ಬಟ್ಟೆ ಅಲ್ವಾ? ಮೊದಲು ಮೇನ್ ಸ್ವಿಚ್ ಆರಿಸಿಯೇ ಶುರು ಮಾಡೋದು.”

“ಹಾಗಂತ ಅವರು ಹೇಳ್ತಾರೆ,” ಅಮಾಕಾಸು ಮೂಗು ಮುರಿದ.

“ಅದಕ್ಕೂ ಮುಂಚೆ ಮೇನ್ ಆರಿಸಿದ್ದು ಯಾವಾಗ?” ತ್ಸುಕುದಾ ಮತ್ತೆ ಇಸೊಗಾಯ್ ಕಡೆಗೇ ತಿರುಗಿ ಕೇಳಿದಳು.

“ಮೇ ತಿಂಗಳ ರಜೆಯಲ್ಲಿ. ಆಗಸ್ಟಿನ ಓಬೋನ್ ಹಬ್ಬಕ್ಕೂ ನಿಲ್ಲಿಸಲಿಲ್ಲ, ಅಷ್ಟು ಕೆಲಸ ಇತ್ತು.”

ತ್ಸುಕುದಾ ವಿದ್ಯುತ್ ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗೆ ಮಾಸಿದ ಚೀಟಿ—ಮೂರನೇ ಅಕ್ಷ, 196.

“ಇದು ಯಾವ ಕಾಲದ್ದು?”

“ಹಳೇ ಪೀಠದ್ದು. ಜೂನ್‌ನಲ್ಲಿ ಹನ್ನೆರಡು ಮಿಲಿಮೀಟರ್ ಎತ್ತರದ ಪೀಠ ಹಾಕಿದ್ವಿ. ಆಮೇಲೆ 184 ಆಯ್ತು,” ಎಂದ ಇಸೊಗಾಯ್.

ತ್ಸುಕುದಾ ಬಾಗಿಲು ಮುಚ್ಚಿದಳು. ಮುಖದಲ್ಲಿ ನಗು!

“ಬಟ್ಟೆ ತಾಗಿ ಕೆಟ್ಟಿದ್ರೆ ಯಾವುದೋ ಒಂದು ಅಂಕಿ ಬರಬೇಕಿತ್ತು. ಸರಿಯಾಗಿ ಹಳೇ ಅಂಕಿನೇ ಯಾಕೆ ಬಂತು? ಇದನ್ನ ಯಾರೂ ತಿದ್ದಿಲ್ಲ—ಇದು ತಾನಾಗೇ ವಾಪಸ್ ಬಂದದ್ದು.”

“ತಾನಾಗೇ?” ಇಸೊಗಾಯ್ ಕಣ್ಣರಳಿಸಿದ.

“ಕಂಟ್ರೋಲರ್ ಕಳಿಸಿದ ಅಂಕಿ ಅಕ್ಷ ಓಡಿಸೋ ಮಾಡ್ಯೂಲಿನಲ್ಲಿ ತಾತ್ಕಾಲಿಕವಾಗಿ ಕೂರುತ್ತೆ. ಕರೆಂಟ್ ಇರೋವರೆಗೆ ಸರಿಯಾಗೇ ನಡೆಯುತ್ತೆ. ಆದ್ರೆ ‘ಉಳಿಸು’ ಅಂತ ಇನ್ನೊಂದು ಆಜ್ಞೆ ಕೊಡದಿದ್ರೆ ಅದು ಕಾಯಂ ಆಗಲ್ಲ. ಡಿಸೆಂಬರಿನಲ್ಲಿ ಮೇನ್ ಆರಿತು, 184 ಅಳಿಸಿ ಹೋಯ್ತು. ಇವತ್ತು ಕರೆಂಟ್ ಬಂದಾಗ ಮಾಡ್ಯೂಲಿಗೆ ಗೊತ್ತಿದ್ದದ್ದು ಹಳೇ 196 ಒಂದೇ.”

“ಹಾಗಾದ್ರೆ ಜೂನ್‌ನಲ್ಲಿ ಉಳಿಸದೆ ಬಿಟ್ಟವರು ಯಾರು?” ಅಮಾಕಾಸು ಮತ್ತೆ ಗುಡುಗಿದ.

ತ್ಸುಕುದಾ ಜೂನ್ ತಿಂಗಳ ಬದಲಾವಣೆಯ ದಾಖಲೆ ತಿರುವಿ, ಸಹಿಯ ಬದಲು ಒತ್ತಿದ್ದ ಕೆಂಪು ಮೊಹರಿನ ಮೇಲೆ ಬೆರಳಿಟ್ಟಳು.

“ಅಮಾಕಾಸು ಅಂತಿದೆ. ಇದು ನಿಮ್ಮ ಮೊಹರೇ ತಾನೇ?”

ಕಚೋನ ಕಿವಿ ಕೆಂಪಾದವು. ನಿಂತಲ್ಲೇ ಸೊಂಟದವರೆಗೆ ಬಾಗಿದ.

“ಕ್ಷಮಿಸಿ, ಇಸೊಗಾಯ್-ಸಾನ್. ಅವತ್ತು... ಊಟದ ಗಂಟೆ ಹೊಡೀತು. ಓಡಿಬಿಟ್ಟೆ.”

ಅಬ್ಬಾ! ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿದಂತಾಯಿತು. ಇಸೊಗಾಯ್‌ಗೆ ಅಳುವೂ ನಗುವೂ ಒಟ್ಟಿಗೇ ಬಂದವು.

“ಗೇಟ್ ಕೆಲಸ?”

“ಅಯ್ಯೋ, ಆ ಮಾತೇ ಬೇಡ! ನೀವಿಲ್ಲದಿದ್ರೆ ಈ ಯಂತ್ರ ನೋಡೋರ್ಯಾರು?”

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಕಚೋ ಬಾಗಿಲ ಕಡೆ ತಿರುಗಿದ್ದೇ ತಡ, ಇಸೊಗಾಯ್ ಅವನ ಮುಂದೆ ಕುರ್ಚಿ ಎಳೆದು ಹಾಕಿದ.

“ಕೂತ್ಕೊಳ್ಳಿ, ಕಚೋ. 184 ಒತ್ತಿ. ಹಾಂ... ಈಗ ‘ಉಳಿಸು’ ಅನ್ನೋದನ್ನೂ ಒತ್ತಿ. ಊಟ ಎಲ್ಲೂ ಓಡಿ ಹೋಗಲ್ಲ.”