ಚುಕ್ಕಿಯಿಟ್ಟ ಹಾಡು

ಗದಗಿನ ಜಾನಪದ ಧ್ವನಿಭಂಡಾರದ ಮೇಜಿನ ಮೇಲೆ ಶೇಷದರ್ಶಕವು ಗುಂಯ್‌ಗುಡುತ್ತಿತ್ತು. 2067ರ ಆ ಯಂತ್ರವು ಹಳೆಯ ಡಿಸ್ಕುಗಳಲ್ಲಿ ಅಳಿಸಿಹೋದ ಕಡತಗಳ ಕಾಂತೀಯ ಗುರುತುಗಳನ್ನು ಓದಿ ಕಡತದ ಹೆಸರು, ಟಿಪ್ಪಣಿ, ಅಳಿಸಿದವರ ಗುರುತು, ಉಳಿದಿದ್ದರೆ ದನಿಯನ್ನೂ ಮರಳಿ ಕೊಡುತ್ತಿತ್ತು. ಅದನ್ನು ರೂಪಿಸಿದವಳು ಡಾ. ಮಂದಾಕಿನಿ ಹಲಗಲಿ. ಎದುರಿಗೆ ಎಪ್ಪತ್ತರ ಗುರುಬಸವ್ವ ಕುಳಿತಿದ್ದಳು.

ಅವಳ ತಾಯಿ ನೀಲವ್ವ ಸೂಲಗಿತ್ತಿ. ಆ ಮನೆತನದ ಜೋಗುಳವೊಂದು ತಾಯಿಯಿಂದ ಮಗಳಿಗಷ್ಟೇ ದಾಟಬೇಕು. ಹೊರಗಿನ ಕಿವಿಗೆ ಬೀಳಕೂಡದು. ಮಗಳು ತಾಯಿಯ ಒಪ್ಪಿಗೆಯಿಲ್ಲದೆ ಮದುವೆಯಾದಾಗ ಅವರ ನಡುವೆ ಮಾತು ನಿಂತಿತು. ಸಾಯುವ ಮುನ್ನ ನೀಲವ್ವ ಅದನ್ನು ಹಾಡು ಸಂಗ್ರಹಿಸುವ ಮಾಸ್ತರರ ಬಳಿ ಧ್ವನಿಮುದ್ರಿಸಿ ಇಟ್ಟಳೆಂದು ಸುದ್ದಿಯಿತ್ತು. ಮಾಸ್ತರರ ಡಿಸ್ಕು ಸೇರಿದ್ದ ಈ ಭಂಡಾರಕ್ಕೆ ಗುರುಬಸವ್ವ ಬಂದು ಕೇಳಿದಾಗ ಭಂಡಾರದವರು ಅಂಥ ಹಾಡೇ ಇಲ್ಲವೆಂದರು. ಅವ್ವ ಸಿಟ್ಟಿನಲ್ಲೇ ಹೋದಳೆಂದು ಅವಳು ಮೂವತ್ತು ವರ್ಷ ನಂಬಿದ್ದಳು.

"ನಿನ್ನ ಪೆಟಗಿ ಸುಳ್ಳ ಹೇಳಿತಂದ್ರ ಬೆಂಕಿ ಹಚ್ಚತೀನಿ ನೋಡವಾ."

"ಮೊದ್ಲ ಚಾ ಕುಡೀರಿ ಅಕ್ಕಾರ, ಆಮ್ಯಾಲ ಹಚ್ಚೀರಂತ."

ಪರದೆಯ ಮೇಲೆ ಒಂದು ಸಾಲು ಮೂಡಿತು. ಹೆಸರಿನ ಮೊದಲಿಗೊಂದು ಚುಕ್ಕಿ. 'ನೀಲವ್ವ, ಜೋಗುಳ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಮಗಳು ಗುರುಬಸವ್ವಳಿಗೆ ಮಾತ್ರ.'

ಮಂದಾಕಿನಿಯ ಕೈಯ ಲೋಟ ಅರ್ಧದಲ್ಲೇ ನಿಂತಿತು. ಹೆಸರಿನ ಮುಂದೆ ಚುಕ್ಕಿಯಿಟ್ಟರೆ ಹಿಂದಿನ ಎಷ್ಟೋ ಕಂಪ್ಯೂಟರುಗಳು ಆ ಕಡತವನ್ನು ಪಟ್ಟಿಯಲ್ಲಿ ತೋರಿಸುತ್ತಿರಲಿಲ್ಲ. ಕಾರ್ಯಾಚರಣ ವ್ಯವಸ್ಥೆಯು ತನ್ನ ನೆನಪಿಗಾಗಿ ಫೋಲ್ಡರುಗಳಲ್ಲಿ ತಾನೇ ಹುಟ್ಟಿಸುತ್ತಿದ್ದ ಪುಟ್ಟ ಕಡತಗಳು ಹೀಗೆಯೇ ಅಡಗಿರುತ್ತಿದ್ದವು. ಹೊರಗಿನ ಕಿವಿಯನ್ನು ತಪ್ಪಿಸಲು ಮಾಸ್ತರರು ಹಾಡಿಗೂ ಚುಕ್ಕಿಯಿಟ್ಟಿದ್ದರು.

ಕೆಳಗೆ ಅಳಿಸಿದವರ ಹೆಸರಿತ್ತು: ಮಂದಾಕಿನಿ, 2035.

ಇಪ್ಪತ್ತಮೂರರ ವಯಸ್ಸಿನಲ್ಲಿ ಅವಳು ಇದೇ ಭಂಡಾರದಲ್ಲಿ ಕೆಲಸಕ್ಕಿದ್ದಳು. ಚುಕ್ಕಿಯಿಂದ ಮೊದಲಾಗುವುದೆಲ್ಲ ಕಸವೆಂದು ಒಂದೇ ಆದೇಶದಲ್ಲಿ ಗುಡಿಸಿದ್ದಳು; ಅಚ್ಚುಕಟ್ಟಿನ ಕೆಲಸವೆಂದು ಶಹಬ್ಬಾಸ್ ಎನಿಸಿಕೊಂಡಿದ್ದಳು.

"ಯಾರವಾ ಅಳಿಸಿದ್ದು?"

"ನಾನ ರೀ, ಅಕ್ಕಾರ."

"ಹಾಡು?"

"ಅದರ ಮ್ಯಾಲ ಬ್ಯಾರೆ ಹಾಡು ತುಂಬ್ಯಾವ್ರಿ. ದನಿ ಬರೂದಿಲ್ಲ."

ಇಲ್ಲಿಂದ ಮುಂದಕ್ಕೆ ಎರಡು ಪಾಠಗಳಿವೆ. ಗುರುಬಸವ್ವ ಅವಳ ಕಪಾಳಕ್ಕೆ ಬಾರಿಸಿದಳೆಂದು ಕೆಲವರು ಹೇಳುತ್ತಾರೆ. ಹೆಚ್ಚಿನವರು ಹೇಳುವುದು ಬೇರೆ: ಪರದೆಯಲ್ಲಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟು, "ನಡಸು" ಎಂದಳಂತೆ. ದನಿಯಿಲ್ಲದ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ಮುಗಿಯುವವರೆಗೆ ಇಬ್ಬರೂ ಅಲುಗಲಿಲ್ಲ.

ಮಾಸ್ತರರ ಡಿಸ್ಕು ಈಗ, ಇದನ್ನು ಓದುತ್ತಿರುವ ಹೊತ್ತಿನಲ್ಲಿ, ಯಾವುದೋ ಬೀರುವಿನಲ್ಲಿ ಇಡಿಯಾಗಿಯೇ ಇದೆ. 2035 ಇನ್ನೂ ಬಂದಿಲ್ಲ.